ಮೇ ತಿಂಗ್ಳಲ್ಲಿ ಅಪ್ಪ ಅಮ್ಮನ್ನ ವಾಟರ್‌ಲ್ಯಾಂಡ್ ಕಡೆ ನಡೆಸ್ಕೊಂಡು ಹೋಗ್ಬೇಕು, ರೂಟ್ ಹೇಳಿ ಮಾರಾಯ್ರೆ

ಗಜನಿ_ಹುಡ್ಗ · ಏಪ್ರಿಲ್ 18, ರಾತ್ರಿ 10:42

ಎಲ್ರಿಗೂ ನಮಸ್ಕಾರ. ನಾನು ನೆದರ್‌ಲ್ಯಾಂಡ್ಸ್‌ನಲ್ಲಿ, ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟಲ್ವೀನ್‌ನಲ್ಲಿ ಇರೋದು, ಊರು ಕುಮಟಾ ಹತ್ರ, ಅಘನಾಶಿನಿ ಹೊಳೆ ದಂಡೆ. ಅಪ್ಪ ಅಮ್ಮ ಮೇ ಮೊದಲ ವಾರ ಬರ್ತಿದಾರೆ, ತಿಂಗಳು ಇರ್ತಾರೆ. ಟ್ಯುಲಿಪ್ ತೋಟ, ಬೋಟ್ ರೈಡ್ ಎಲ್ಲಾ ಪ್ಲಾನ್ ಮಾಡಿಟ್ಟು ಫೋನಲ್ಲಿ ಹೇಳಿದ್ರೆ ಅಪ್ಪ "ಅದೆಲ್ಲ ಅಮ್ಮಂಗೆ ತೋರ್ಸು, ನಂಗೆ ಅಲ್ಲಿ ಗದ್ದೆ ಹೆಂಗಿದೆ ನೋಡ್ಬೇಕು" ಅಂದ್ಬಿಟ್ರು. ಅಪ್ಪಂಗೆ 68, ದಿನಾ ನಡಿಯೋರು, 15 ಕಿ.ಮೀ. ಅಂದ್ರೂ ಸೈ. ಅಮ್ಮಂಗೆ ಮೊಣಕಾಲು ನೋವು, 3 ಕಿ.ಮೀ. ಮ್ಯಾಕ್ಸ್.

ಆಮ್ಸ್ಟರ್‌ಡ್ಯಾಮ್‌ನಿಂದ ಉತ್ತರಕ್ಕೆ ವಾಟರ್‌ಲ್ಯಾಂಡ್ ಅಂತ ಇದ್ಯಲ್ಲ, ಹುಲ್ಗಾವಲು, ನೀರಿನ ಕಾಲುವೆ, ಹಳೇ ಮರದ ಮನೆ ಇರೋ ಹಳ್ಳಿಗಳು, ಅಲ್ಲಿ ನಡ್ದಿರೋರು ಯಾರಾದ್ರೂ ಇದೀರಾ? ನಾನು ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು, ಒಂದ್ಸಲ ಬಸ್ಸಲ್ಲಿ ವೋಲೆಂಡಾಮ್‌ಗೆ ಹೋಗುವಾಗ ಕಿಟಕಿಯಿಂದ ನೋಡಿದ್ದು ಬಿಟ್ರೆ ಕಾಲಿಟ್ಟಿಲ್ಲ, ನಾಚಿಕೆ ಆಗುತ್ತೆ.

---

ಸುಮ್ನೆ_ಬಂದೆ · ಏಪ್ರಿಲ್ 18, ರಾತ್ರಿ 11:15

ಲಕ್ಷಾಂತರ ಖರ್ಚು ಮಾಡಿ ಹುಲ್ಲು ನೋಡೋಕೆ ಯೂರೋಪಿಗೆ ಹೋಗ್ಬೇಕಾ ಗುರು 😄 ಜ಼ಾನ್ಸೆ ಸ್ಖಾನ್ಸ್‌ಗೆ ಕರ್ಕೊಂಡ್ ಹೋಗಿ, ವಿಂಡ್‌ಮಿಲ್ಲು, ಚೀಸು, ಮರದ ಚಪ್ಲಿ ಎಲ್ಲಾ ಒಂದೇ ಕಡೆ ಸಿಗುತ್ತೆ, ಎರಡು ಗಂಟೇಲಿ ಮುಗೀತು.

---

ಬಿಸಿಬೇಳೆ_ಇನ್_ನೂರ್ಡ್ · ಏಪ್ರಿಲ್ 19, ಬೆಳಿಗ್ಗೆ 8:03

ಜ಼ಾನ್ಸೆ ಸ್ಖಾನ್ಸ್ ಚೆನ್ನಾಗೇ ಇದೆ, ಬೇಡ ಅನ್ನಲ್ಲ, ಆದ್ರೆ ಅಲ್ಲಿರೋ ಮನೆಗಳಲ್ಲಿ ಬಹುಪಾಲು 1961ರಿಂದ ಈಚೆಗೆ ಬೇರೆ ಬೇರೆ ಕಡೆಯಿಂದ ಎತ್ಕೊಂಡು ಬಂದು ನಿಲ್ಸಿದ್ದು. ಅಂಕಲ್ ಕೇಳಿರೋದು ಗದ್ದೆ. ಗದ್ದೆ ನೋಡ್ಬೇಕಂದ್ರೆ ವಾಟರ್‌ಲ್ಯಾಂಡ್‌ನ ಬ್ರೂಕ್ ಅನ್ನೋ ಹಳ್ಳಿಗೇ ಹೋಗ್ಬೇಕು.

ನಾನು ಆಮ್ಸ್ಟರ್‌ಡ್ಯಾಮ್ ನೂರ್ಡ್‌ನಲ್ಲಿ ಇರೋದ್ರಿಂದ ವಾಟರ್‌ಲ್ಯಾಂಡ್ ನಂಗೆ ಹಿತ್ಲು ಇದ್ದಂಗೆ, ಹೇಳ್ತೀನಿ ಕೇಳಿ ತಮ್ಮಾ. ಸೆಂಟ್ರಲ್ ಸ್ಟೇಷನ್ ಹಿಂದ್ಗಡೆ, ನೀರಿನ ಕಡೆಗೆ, ಮೇಲಿನ ಮಹಡೀಲಿ ಬಸ್ ಸ್ಟ್ಯಾಂಡ್ ಇದೆ. ಮೋನಿಕೆಂಡಾಮ್, ಎಡಾಮ್ ಕಡೆ ಹೋಗೋ ಬಸ್ ಹತ್ತಿ ಬ್ರೂಕ್ ಇನ್ ವಾಟರ್‌ಲ್ಯಾಂಡ್ ಸ್ಟಾಪಲ್ಲಿ ಇಳೀರಿ. ಇಪ್ಪತ್ತು ನಿಮಿಷನೂ ಬೇಡ. ಮೆಟ್ರೋದಲ್ಲಿ ನೂರ್ಡ್ ಸ್ಟೇಷನ್‌ವರ್ಗೂ ಬಂದು ಅಲ್ಲಿಂದನೂ ಬಸ್ ಹಿಡೀಬಹುದು.

ಇಳಿದ ಕೂಡ್ಲೇ ದೊಡ್ಡ ರಸ್ತೆ, ಗಾಡಿಗಳ ಗಲಾಟೆ, ಇದೇನಪ್ಪಾ ಅನ್ಸುತ್ತೆ. ಐದು ನಿಮಿಷ ಒಳಗೆ ನಡೀರಿ. ಹಾವನ್ರಾಕ್ ಅಂತ ಒಂದು ಕೆರೆ ಬರುತ್ತೆ, ಸುತ್ತ ತಿಳಿ ಬೂದು ಬಣ್ಣದ ಮರದ ಮನೆಗಳು. ಈ ಬೂದಿಗೆ ಊರಿನ ಹೆಸರೇ ಇದೆ, ಬ್ರೂಕರ್ ಗ್ರೇ ಅಂತಾರೆ. ಮರ ಯಾಕೆ ಅಂದ್ರೆ ಕೆಳಗೆ ಮೆತ್ತನೆ ಮಣ್ಣು, ಇಟ್ಟಿಗೆ ಗೋಡೆ ಕಟ್ಟಿದ್ರೆ ಭಾರಕ್ಕೆ ಕೂರುತ್ತೆ. 17-18ನೇ ಶತಮಾನದಲ್ಲಿ ಹಡಗಿನ ವ್ಯಾಪಾರದಲ್ಲಿ ದುಡ್ಡು ಮಾಡ್ದೋರ ಊರಿದು. ನೀರಿನ ದಂಡೆ ಮೇಲೆ ಒಂದು ಪುಟ್ಟ ಬಿಳಿ ಮಂಟಪ ಇದೆ, ನೆಪೋಲಿಯನ್ 1811ರಲ್ಲಿ ಈ ಊರಿಗೆ ಬಂದಿದ್ದಕ್ಕೆ ಅದಕ್ಕೆ ಅವನ ಹೆಸರೇ ಅಂಟ್ಕೊಂಡಿದೆ. ಹಳೇ ಮನೆಗಳಲ್ಲಿ ಎರಡು ಬಾಗಿಲು ನೋಡಿ, ಎದುರಿಗಿರೋ ಚೆಂದದ ಬಾಗ್ಲು ದಿನಾ ತೆಗೀತಿರ್ಲಿಲ್ವಂತೆ, ಮದುವೆಗೆ ಒಂದ್ಸಲ ಹೆಣ ತೆಗೆಯೋಕೆ ಒಂದ್ಸಲ ಅಷ್ಟೇ. ಉಳಿದ ಓಡಾಟ ಎಲ್ಲಾ ಪಕ್ಕದ ಬಾಗ್ಲಲ್ಲಿ. ಊರವ್ರು ಚೊಕ್ಕದ ವಿಷ್ಯದಲ್ಲಿ ಎಷ್ಟು ಹುಚ್ಚರು ಅಂದ್ರೆ ಹೊರಗಿನಿಂದ ಬಂದೋರು ಚಪ್ಲಿ ಬಿಟ್ಟು ಒಳಗೆ ಬರ್ಬೇಕಿತ್ತು ಅಂತ ಹಳೇ ಪ್ರವಾಸಿಗರು ಆಶ್ಚರ್ಯ ಪಟ್ಟು ಬರ್ದಿದಾರೆ. ಇದನ್ನ ಓದಿ ನಂಗೆ ನಗು ಬಂತು, ನಮ್ಮನೇಲಿ ಅದೇ ತಾನೇ ರೂಲ್ಸು.

ಅಮ್ಮಂಗೆ ಇಷ್ಟೇ ಸಾಕು. ಕೆರೆ ಒಂದು ಸುತ್ತು, ಒಂದು ಕಾಫಿ, ಪಾನ್‌ಕೇಕ್.

ಅಪ್ಪಂಗೆ: ಬ್ರೂಕ್‌ನಿಂದ ಜ಼ೌಡರ್‌ವೌಡ, ಅಲ್ಲಿಂದ ಔಟ್‌ಡಾಮ್, ಅಲ್ಲಿ ದೊಡ್ಡ ಒಡ್ಡು ಹತ್ತಿ ದಕ್ಷಿಣಕ್ಕೆ ತಿರುಗಿ ಡ್ಯುರ್ಗರ್‌ಡಾಮ್‌ವರ್ಗೆ. ಒಟ್ಟು 13-14 ಕಿ.ಮೀ. ಆಸುಪಾಸು. ಒಂದು ಕಡೆ ಕೆರೆ ಅಂತ ಕರೆಯೋ ಸಮುದ್ರ, ಇನ್ನೊಂದು ಕಡೆ ಅದಕ್ಕಿಂತ ಕೆಳಗಿರೋ ಹುಲ್ಲು. ನಂಗೆ ಈ ದೇಶದಲ್ಲಿ ಇದಕ್ಕಿಂತ ಇಷ್ಟವಾದ ನಡಿಗೆ ಇನ್ನೊಂದಿಲ್ಲ.

---

ಧಾರವಾಡ_ಟು_ಐಂಡ್‌ಹೋವನ್ · ಏಪ್ರಿಲ್ 19, ಬೆಳಿಗ್ಗೆ 9:20

ಅಕ್ಕಾರ ಹೇಳಿದ್ದು ಬರೋಬ್ಬರಿ ಐತ್ರಿ. ಒಂದ ಮಾತು ಸೇರಸ್ತೀನಿ. ಆ ಒಡ್ಡಿನ ಮ್ಯಾಲೆ ಶನಿವಾರ ರವಿವಾರ ಸೈಕಲ್ಲಿನವ್ರು ಬರ್ತಾರ ನೋಡ್ರಿ, ಲೈಕ್ರಾ ಹಾಕ್ಕೊಂಡು ಹತ್ತ ಹತ್ತ ಮಂದಿ, ಗಂಟಿ ಹೊಡದ್ರ ಸರಕೋಬೇಕು, ಇಲ್ಲಾಂದ್ರ ಬೈತಾರ. ಹಿರಿಯಾರು ನಡುವ ನಿಂತು ಫೋಟೋ ತಗೋಳಾಕ ಹೋಗಬಾರ್ದು. ವಾರದಾಗ ಹೋದ್ರ ಚೊಲೊ.

ಮತ್ತ ಗಾಳಿ. ಮೇ ತಿಂಗಳ ಅಂತ ಸ್ವೆಟರ್ ಬಿಟ್ಟು ಹೋಗಬ್ಯಾಡ್ರಿ. ನಮ್ಮ ಮಾವಾರನ್ನ ಕರ್ಕೊಂಡು ಹೋಗಿದ್ದೆ, ಮಂಗ್ಯಾನ ಟೊಪಗಿ ಹಾಕ್ಕೊಂಡ್ರ ಅದನ್ನೂ ಹಾರಿಸ್ಕೊಂಡು ಹೋತು, ಕಾಲುವ್ಯಾಗ ಬಿದ್ದು ಬಾತುಕೋಳಿ ಹಂಗ ತೇಲ್ಕೋತ ಹೋತು.

---

ಟಿಟ್ಟಿಭ · ಏಪ್ರಿಲ್ 19, ಮಧ್ಯಾಹ್ನ 1:47

ಒಂದು ಮುಖ್ಯ ವಿಷ್ಯ, ಯಾರೂ ಹೇಳಿಲ್ಲ. ಹೊಲದ ಮಧ್ಯ ಹಾದು ಹೋಗೋ ಕಾಲುದಾರಿಗಳು ತುಂಬಾ ಕಡೆ ಮಾರ್ಚ್ 15ರಿಂದ ಜೂನ್ 15ರವರೆಗೆ ಬಂದ್ ಇರ್ತವೆ. ಗೇಟಲ್ಲಿ ಬೋರ್ಡ್ ಹಾಕಿರ್ತಾರೆ. ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳು ಮೊಟ್ಟೆ ಇಟ್ಟು ಮರಿ ಮಾಡೋ ಟೈಮು. ಮೊಬೈಲ್ ಮ್ಯಾಪಲ್ಲಿ ದಾರಿ ತೋರಿಸ್ತು ಅಂತ ಗೇಟ್ ಹಾರ್ಕೊಂಡು ಹೋಗ್ಬೇಡಿ ಪ್ಲೀಸ್, ನಾಯಿ ಅಂತೂ ಬೇಡ್ವೇ ಬೇಡ. ಬಿಸಿಬೇಳೆ ಅಕ್ಕ ಹೇಳಿರೋ ರೂಟು ಊರ ರಸ್ತೆ ಮತ್ತೆ ಒಡ್ಡಿನ ಮೇಲೆ, ಅದು ಓಪನ್ ಇರುತ್ತೆ, ಚಿಂತೆ ಇಲ್ಲ.

ಹಂಗಂತ ಮೇ ತಿಂಗಳು ಬಿಡ್ಬೇಡಿ, ಅದೇ ಬೆಸ್ಟು. ಗ್ರುಟ್ಟೊ ಅಂತ ಒಂದು ಹಕ್ಕಿ, ಉದ್ದ ಕಾಲು, ಉದ್ದ ನೆಟ್ಟಗಿನ ಕೊಕ್ಕು, ಕತ್ತು ಇಟ್ಟಿಗೆ ಬಣ್ಣ, ಬಾಲ ಕಪ್ಪು. ಡಚ್ಚರ ರಾಷ್ಟ್ರಪಕ್ಷಿ, 2015ರಲ್ಲಿ ಜನ ವೋಟ್ ಹಾಕಿ ಆರಿಸಿದ್ದು. ಅದರ ಹೆಸರು ಅದೇ ಹೇಳ್ಕೊಳ್ಳುತ್ತೆ, ಗ್ರುಟ್ಟೊ ಗ್ರುಟ್ಟೊ ಗ್ರುಟ್ಟೊ ಅಂತ. ಚಳಿಗಾಲ ಪಶ್ಚಿಮ ಆಫ್ರಿಕಾದ ಸೆನೆಗಲ್, ಗಿನಿ ಬಿಸ್ಸಾವ್ ಕಡೆ ಭತ್ತದ ಗದ್ದೇಲಿ ಕಳ್ದು, ಸ್ಪೇನ್, ಪೋರ್ಚುಗಲ್ ಗದ್ದೇಲಿ ನಿಂತು ಹೊಟ್ಟೆ ತುಂಬಿಸ್ಕೊಂಡು ಇಲ್ಲಿಗೆ ಬರುತ್ತೆ. ಅಂಕಲ್‌ಗೆ ಹೇಳಿ, ಭತ್ತದ ಗದ್ದೆ ಹಕ್ಕಿ ಅಂತ. ಇದೇ ಜಾತಿಯ ಬೇರೆ ಬಳಗ ಚಳಿಗಾಲಕ್ಕೆ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತೆ, ಆದ್ರೆ ಅವು ಇಲ್ಲಿಂದ ಹೋದವಲ್ಲ, ಪೂರ್ವದ ಕಡೆಯವು.

ಬೇಲಿ ಗೂಟದ ಮೇಲೆ ಗ್ರುಟ್ಟೊ ನಿಂತ್ಕೊಂಡು ನಿಮ್ಮನ್ನ ನೋಡಿ ಕಿರುಚ್ತಾ ಇದ್ರೆ ಸ್ವಾಗತ ಮಾಡ್ತಿದೆ ಅಂತ ತಿಳ್ಕೋಬೇಡಿ, ಹುಲ್ಲಲ್ಲಿ ಮರಿ ಇದೆ, ಮುಂದೆ ಹೋಗ್ರಪ್ಪಾ ಅಂತ ಬೈತಿರುತ್ತೆ. ನಿಲ್ದೇ ನಡೀರಿ.

ಹಂಗೇ ಕೀವಿಟ್, ನಮ್ಮ ಟಿಟ್ಟಿಭದ ದಾಯಾದಿ, ತಲೆ ಮೇಲೆ ಜುಟ್ಟು, ಗಾಳೀಲಿ ಲಾಗ ಹಾಕುತ್ತೆ.

---

ಸುಮ್ನೆ_ಬಂದೆ · ಏಪ್ರಿಲ್ 19, ಮಧ್ಯಾಹ್ನ 2:30

ಸರಿ ಸರಿ ಸೋತೆ. ಆದ್ರೂ ಒಂದ್ ಡೌಟು. ಇವ್ರು ಸಮುದ್ರ ಖಾಲಿ ಮಾಡಿ ನೆಲ ಮಾಡ್ದೋರು ಅಂತಾರಲ್ಲ, ಅದು ಇದೇ ಜಾಗನಾ?

---

ಒಡ್ಡು_ಇಂಜಿನಿಯರ್ · ಏಪ್ರಿಲ್ 19, ರಾತ್ರಿ 9:58

ಇದು ಎಲ್ರೂ ಮಾಡೋ ತಪ್ಪು, ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ, ಡೆಲ್ಫ್ಟ್‌ನಲ್ಲಿ ನೀರಿನ ವಿಷ್ಯನೇ ಓದಿ ಅದೇ ಕೆಲಸ ಮಾಡ್ತಿರೋನು.

ಕೆರೆ ಖಾಲಿ ಮಾಡಿ ಮಾಡಿದ ನೆಲ ಇದೆ, ವಾಟರ್‌ಲ್ಯಾಂಡ್ ಪಕ್ಕದಲ್ಲೇ, ಬೇಮ್ಸ್ಟರ್ ಅಂತ. 1612ರಲ್ಲಿ ಗಾಳಿಗಿರಣಿ ಸಾಲು ನಿಲ್ಸಿ ನೀರು ಎತ್ತಿ ಹಾಕಿ ಕೆರೆ ತಳನೇ ಹೊಲ ಮಾಡಿದ್ರು, 1999ರಿಂದ ಯುನೆಸ್ಕೋ ಪಟ್ಟೀಲಿದೆ. ಮ್ಯಾಪಲ್ಲಿ ನೋಡಿ, ಸ್ಕೇಲ್ ಇಟ್ಟು ಗೀಚಿದಂಗೆ ಚೌಕ ಚೌಕ. ಈಗ ಅದೇ ಮ್ಯಾಪನ್ನ ಸ್ವಲ್ಪ ದಕ್ಷಿಣಕ್ಕೆ ಸರಿಸಿ, ಬ್ರೂಕ್, ಹೋಲಿಸ್ಲೋಟ್, ರಾನ್ಸ್‌ಡಾರ್ಪ್ ಕಡೆ. ಸೊಟ್ಟ ಪಟ್ಟ ಕಾಲುವೆ, ಅಡ್ಡಾದಿಡ್ಡಿ ನೀರು, ಉದ್ದುದ್ದ ಪಟ್ಟಿ ಹೊಲ. ಯಾಕೆ ಅಂದ್ರೆ ಇಲ್ಲಿ ನೆಲ ಮೊದಲೇ ಇತ್ತು. ಸಮುದ್ರಕ್ಕಿಂತ ಮೇಲೆ ಇತ್ತು.

ಸಾವಿರ ವರ್ಷದ ಹಿಂದೆ ಇದು ಜೌಗು. ಗಿಡ ಪಾಚಿ ಸತ್ತು, ನೀರೊಳಗೆ ಪೂರ್ತಿ ಕೊಳೀದೇ ಪದರ ಪದರ ಕೂತು ಆದ ಮಣ್ಣು, ಪೀಟ್ ಅಂತಾರೆ. ಒದ್ದೆ ಸ್ಪಂಜು ಅಂದ್ಕೊಳ್ಳಿ. ಜನ ಬಂದು ಬೇಸಾಯಕ್ಕೆ ಅಂತ ಕಾಲುವೆ ತೋಡಿ ನೀರು ಬಸಿದ್ರು. ಸ್ಪಂಜಿಂದ ನೀರು ಹೋದ್ರೆ ಏನಾಗುತ್ತೆ, ಕುಗ್ಗುತ್ತೆ. ಅದು ಸಾಲ್ದು ಅಂತ ಒಳಗೆ ಗಾಳಿ ಹೊಕ್ಕಿ ಅಷ್ಟು ವರ್ಷ ಕೊಳೀದೇ ಇದ್ದಿದ್ದು ಕೊಳ್ಯೋಕೆ ಶುರು, ಇಂಗಾಲದ ಗಾಳಿಯಾಗಿ ಆಕಾಶಕ್ಕೆ ಹೋಗುತ್ತೆ. ನೆಲ ಇಳೀತು. ನೆಲ ಇಳಿದಿದ್ದಕ್ಕೆ ಮತ್ತೆ ಒದ್ದೆ ಆಯ್ತು. ಒದ್ದೆ ಆಯ್ತು ಅಂತ ಇನ್ನೂ ಆಳ ತೋಡಿದ್ರು. ಇನ್ನೂ ಇಳೀತು. ಹೀಗೆ ಸಾವಿರ ವರ್ಷ. ಮೊದಲು ಗೋಧಿ ಗೀಧಿ ಬೆಳೀತಿದ್ರು, ನೆಲ ಇಳಿದು ಒದ್ದೆಯಾದ್ಮೇಲೆ ಹುಲ್ಲು ಬಿಟ್ರೆ ಬೇರೆ ದಾರಿ ಇಲ್ಲ, ಅದಕ್ಕೇ ಹಸು, ಅದಕ್ಕೇ ಚೀಸು. ನಾವು ಆಹಾ ಎಂಥ ಹಸಿರು ಅಂತ ಫೋಟೋ ತೆಗೆಯೋದು ಬೇರೇನೂ ಬೆಳೆಯೋಕಾಗದ ಹೊಲನ.

ಈಗ ಎಲ್ಲಿದೆ ಅಂದ್ರೆ ಸಮುದ್ರ ಮಟ್ಟಕ್ಕಿಂತ ಒಂದು ಒಂದೂವರೆ ಮೀಟರ್ ಕೆಳಗೆ. ದಿನಾ ಪಂಪ್ ನಡೀದೇ ಹೋದ್ರೆ ಆ ಹಸಿರು ಅಲ್ಲಿರಲ್ಲ.

---

ಬಿಸಿಬೇಳೆ_ಇನ್_ನೂರ್ಡ್ · ಏಪ್ರಿಲ್ 19, ರಾತ್ರಿ 10:31

ಹನ್ನೊಂದು ವರ್ಷ ಇಲ್ಲಿದೀನಿ, ಇದು ಗೊತ್ತಿರ್ಲಿಲ್ಲ ನೋಡಿ. ಹಂಗಾದ್ರೆ ಬ್ರೂಕ್ ಅಂದ್ರೇನೇ ಜೌಗು, ಡಾಮ್ ಅಂದ್ರೆ ಕಟ್ಟೆ, ಸ್ಲೋಟ್ ಅಂದ್ರೆ ಕಾಲುವೆ, ವೌಡ ಅಂದ್ರೆ ಕಾಡು. ಊರಿನ ಹೆಸರು ಸಾಲಾಗಿ ಓದಿದ್ರೆ ಕಥೆ ಪೂರ್ತಿ ಅಲ್ಲೇ ಇದೆ. ನಮ್ಮ ಕೆರೆ, ಕಟ್ಟೆ, ಹಳ್ಳ ಸೇರ್ಕೊಂಡಿರೋ ಊರಿನ ಹೆಸರುಗಳ ಥರಾನೇ.

---

ಧಾರವಾಡ_ಟು_ಐಂಡ್‌ಹೋವನ್ · ಏಪ್ರಿಲ್ 20, ಬೆಳಿಗ್ಗೆ 7:12

ಇಂಜಿನಿಯರ್ ಸಾಹೇಬ್ರ, ಹಂಗಾದ್ರ ನೀರು ಎತ್ತರಸಿ ಇಟ್ಟಬಿಡ್ರಲ್ಲ, ನೆಲ ಇಳಿಯೂದು ನಿಲ್ತೈತಿ, ಹಕ್ಕಿಗೂ ಚೊಲೊ. ಯಾಕ ಮಾಡಂಗಿಲ್ಲ?

---

ಒಡ್ಡು_ಇಂಜಿನಿಯರ್ · ಏಪ್ರಿಲ್ 20, ಸಂಜೆ 6:40

ಮಾಡ್ತಿದಾರೆ, ಅಲ್ಲಲ್ಲಿ, ಜಗಳ ಆಡ್ಕೊಂಡು. ನೀರು ಮೇಲಿದ್ರೆ ಟ್ರ್ಯಾಕ್ಟರ್ ಹೂತ್ಕೊಳ್ಳುತ್ತೆ, ಹಸು ಕಾಲಿಟ್ಟಲ್ಲಿ ಕೆಸರಾಗುತ್ತೆ, ಹುಲ್ಲಿನ ಇಳುವರಿ ಕಮ್ಮಿ. ರೈತ ಬ್ಯಾಂಕ್ ಸಾಲ ತೀರ್ಸ್ಬೇಕಲ್ಲ. 2022ರಲ್ಲಿ ರೈತರು ರಸ್ತೆ ಉದ್ದಕ್ಕೂ ಬಾವುಟ ತಲೆಕೆಳಗೆ ಹಾಕಿದ್ರಲ್ಲ, ಅದು ಸಾರಜನಕದ ಗಲಾಟೆ, ದನದ ಗೊಬ್ಬರದಿಂದ ಬರೋ ಸಾರಜನಕ ಕಮ್ಮಿ ಮಾಡಿ ಅಂತ ಸರ್ಕಾರ ಹೇಳಿದ್ದಕ್ಕೆ, ಆದ್ರೆ ಬೇರು ಇದೇ, ಈ ನೆಲದಲ್ಲಿ ಎಷ್ಟು ಹಸು ಎಷ್ಟು ಗೊಬ್ಬರ ಅಂತ. ನೀರು ಎಷ್ಟಿರ್ಬೇಕು ಅಂತ ತೀರ್ಮಾನ ಮಾಡೋದು ಜಲಮಂಡಳಿ, ವಾಟರ್‌ಸ್ಖಾಪ್ ಅಂತಾರೆ, 13ನೇ ಶತಮಾನದಿಂದ ಇರೋ ಪದ್ಧತಿ, ಅದಕ್ಕೆ ಬೇರೆ ಎಲೆಕ್ಷನ್ ನಡೆಯುತ್ತೆ. ಕಳೆದ ಸಲ 2023 ಮಾರ್ಚ್‌ನಲ್ಲಾಯ್ತು. ಡಚ್ ಪಾಸ್‌ಪೋರ್ಟ್ ಇಲ್ದಿದ್ರೂ ಇಲ್ಲಿ ಕಾನೂನಾಗಿ ವಾಸ ಇರೋರಿಗೆ ಅದ್ರಲ್ಲಿ ಓಟಿದೆ. ಈ ಗ್ರೂಪಲ್ಲಿ ಎಷ್ಟು ಜನ ಹಾಕಿದೀರಿ ಕೈಯೆತ್ತಿ ನೋಡೋಣ.

---

ಟಿಟ್ಟಿಭ · ಏಪ್ರಿಲ್ 20, ಸಂಜೆ 6:55

✋ (ಹಕ್ಕಿ ಪರವಾಗಿ)

ಅಂದ ಹಾಗೆ ಗ್ರುಟ್ಟೊ ಸಂಖ್ಯೆ ಐವತ್ತು ವರ್ಷದಲ್ಲಿ ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿದಿದೆ. ನೀರು ಇಳಿಸಿದ್ರೆ ನೆಲ ಗಟ್ಟಿಯಾಗುತ್ತೆ, ಕೊಕ್ಕು ಇಳಿಯಲ್ಲ, ಎರೆಹುಳ ಸಿಗಲ್ಲ. ಹುಲ್ಲು ಬೇಗ ಬೆಳೆಯುತ್ತೆ, ಬೇಗ ಕೊಯ್ತಾರೆ, ಮರಿ ಮಷೀನಿಗೆ ಸಿಗುತ್ತೆ. ಕೆಲವು ರೈತರು ಪರಿಹಾರ ತಗೊಂಡು ಜೂನ್‌ವರೆಗೂ ಕೊಯ್ಯಲ್ಲ, ಆ ಹೊಲ ದೂರದಿಂದ್ಲೇ ಗೊತ್ತಾಗುತ್ತೆ, ಹೂವು, ಕಳೆ ಎಲ್ಲಾ ತಲೆ ಎತ್ತಿ ನಿಂತಿರುತ್ತೆ. ನುಣ್ಣಗೆ ಒಂದೇ ಹಸಿರು ಇರೋ ಹೊಲ ಫೋಟೋಗೆ ಚಂದ, ಹಕ್ಕಿಗೆ ಖಾಲಿ ತಟ್ಟೆ.

---

ಸುಮ್ನೆ_ಬಂದೆ · ಏಪ್ರಿಲ್ 20, ರಾತ್ರಿ 8:20

ಎಲ್ಲಾ ಸರಿ, ಟಾಯ್ಲೆಟ್ ಎಲ್ಲಿದೆ? ವಯಸ್ಸಾದೋರಿಗೆ ಅದೇ ಮೊದಲ ಪ್ರಶ್ನೆ.

---

ಬಿಸಿಬೇಳೆ_ಇನ್_ನೂರ್ಡ್ · ಏಪ್ರಿಲ್ 20, ರಾತ್ರಿ 8:44

ನೀವು ಮೊದಲನೇ ಸಲ ಕೆಲಸದ ಮಾತಾಡಿದ್ರಿ 😄 ಬ್ರೂಕ್‌ನಲ್ಲಿ ಕಾಫಿ ಕುಡಿದ ಜಾಗದಲ್ಲೇ ಮುಗಿಸ್ಕೊಂಡು ಹೊರಡಿ. ಒಡ್ಡಿನ ಮೇಲೆ ಉದ್ದಕ್ಕೂ ಏನೂ ಇಲ್ಲ, ಮರೆ ಅನ್ನೋದೂ ಇಲ್ಲ, ಮರನೇ ಇಲ್ಲ. ಡ್ಯುರ್ಗರ್‌ಡಾಮ್ ಬರೋವರ್ಗೂ ಗಟ್ಟಿ ಮನಸ್ಸು ಮಾಡ್ಬೇಕು.

ಇನ್ನೊಂದು. ನನ್ನ ಅನುಭವ, ಹೇಳ್ಕೊಳ್ಳೋಕೆ ನಾಚಿಕೆ. ಹೋದ ಆಗಸ್ಟಲ್ಲಿ ಹೋಲಿಸ್ಲೋಟ್ ಹತ್ರ ಫೋನಲ್ಲಿ ಅಕ್ಕನ ಹತ್ರ ಮಾತಾಡ್ಕೊಂಡು ಹೋಗ್ತಿದ್ದೆ, ಎದುರಿಂದ ಸೈಕಲ್ ಬಂತು, ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟೆ. ಅದು ಹುಲ್ಲಲ್ಲ. ಕಾಲುವೆ ತುಂಬಾ ಪುಟಾಣಿ ಹಸಿರು ಎಲೆ ಮುಚ್ಕೊಂಡಿರುತ್ತೆ, ಕ್ರೋಸ್ ಅಂತಾರೆ, ಲಾನ್ ಥರಾನೇ ಕಾಣುತ್ತೆ. ಸೊಂಟದವರ್ಗೂ ಇಳಿದೆ. ತಳ ಅನ್ನೋದು ಇಲ್ಲ, ಕಾಲು ಇಳೀತಾನೇ ಹೋಗುತ್ತೆ, ಕೊಳೆತ ಮೊಟ್ಟೆ ವಾಸನೆ. ಸೈಕಲ್ಲಲ್ಲಿದ್ದ ಅಜ್ಜ ಇಳಿದು ಕೈ ಕೊಟ್ಟು ಎಳೆದು, ನನ್ನ ಮುಖದ ಮೇಲಿದ್ದ ಹಸಿರು ನೋಡಿ ಒಂದು ಮಾತೂ ಆಡ್ದೇ ಕರವಸ್ತ್ರ ತೆಗೆದು ಕೊಟ್ಟು ಹೋದ್ರು. ಒಂದು ಶೂ ಇನ್ನೂ ಅಲ್ಲೇ ಇದೆ. ಅಕ್ಕ ಫೋನಲ್ಲಿ ಹಲೋ ಹಲೋ ಅಂತಾನೇ ಇದ್ಳು, ಅದೊಂದು ಪುಣ್ಯ, ಫೋನು ಕೈಲೇ ಇತ್ತು.

ಆದ್ರಿಂದ ಅಂಕಲ್‌ಗೆ ಹೇಳಿ, ರಸ್ತೆ ಬಿಟ್ಟು ಹಸಿರಿನ ಮೇಲೆ ಕಾಲಿಡೋಕೆ ಮುಂಚೆ ಕೋಲಲ್ಲಿ ಚುಚ್ಚಿ ನೋಡ್ಬೇಕು ಅಂತ.

---

ಗಜನಿ_ಹುಡ್ಗ · ಮೇ 19, ರಾತ್ರಿ 11:08

ಹೋಗಿ ಬಂದ್ವಿ!! ತಿಂಗಳಾದ್ಮೇಲೆ ಬರೀತಿದೀನಿ, ಕ್ಷಮಿಸಿ. ಶುಕ್ರವಾರ ರಜೆ ಹಾಕಿದ್ದೆ, ವಾರದ ದಿನ ಅಂತ ಸೈಕಲ್ಲವ್ರು ಕಮ್ಮಿ ಇದ್ರು. ಗಾಳಿ ಕಮ್ಮಿ ಇರ್ಲಿಲ್ಲ.

ಅಮ್ಮ ಬ್ರೂಕ್ ನೋಡಿ ಖುಷಿ ಆದ್ರು. ಬಾಗಿಲಿನ ಕಥೆ ಹೇಳ್ದೆ, ಹೆಣದ ಬಾಗಿಲು ಅಂದಿದ್ದೇ ತಡ ಆ ಕಡೆಯಿಂದ ಈ ಕಡೆಗೆ ದಾಟಿಬಿಟ್ರು. ಕಾಫಿ ಅಂಗಡೀಲಿ ಕಾರ್ನಮೆಲ್ಕ್ ಅಂತ ಇತ್ತು, ಇದು ಮಜ್ಜಿಗೆ ಅಮ್ಮ ಅಂತ ತರಿಸ್ದೆ, ಒಂದು ಗುಟುಕು ಕುಡಿದು ಬ್ಯಾಗಿಂದ ಉಪ್ಪಿನ ಪೊಟ್ಲೆ ತೆಗೆದ್ರು, ವಿಮಾನದಲ್ಲಿ ಎಂತಕ್ಕೆ ಉಪ್ಪು ತಂದ್ಯೆ ಅಂತ ಅಪ್ಪ ಕೇಳಿದ್ದಕ್ಕೆ ಇದಕ್ಕೇ ಅಂದ್ರು. ಆಮೇಲೆ ನನ್ನ ಹೆಂಡ್ತಿ ಅಮ್ಮನ್ನ ಕರ್ಕೊಂಡು ಕಾರಲ್ಲಿ ಡ್ಯುರ್ಗರ್‌ಡಾಮ್‌ಗೆ ಹೋದ್ಳು, ನಾನು ಅಪ್ಪ ನಡೆಯೋಕೆ ಶುರು.

ಈಗ ಅಪ್ಪನ ಬಗ್ಗೆ ಹೇಳ್ಬೇಕು ಅಂದ್ರೆ ಮೊದಲು ನಮ್ಮೂರ ಗಜನಿ ಬಗ್ಗೆ ಹೇಳ್ಬೇಕು. ಅಘನಾಶಿನಿ ಸಮುದ್ರ ಸೇರೋ ಜಾಗದಲ್ಲಿ ಹಿನ್ನೀರ ಪಕ್ಕ ಇರೋ ಗದ್ದೆಗಳು, ಉಬ್ಬರ ಬಂದ್ರೆ ಉಪ್ಪುನೀರು ನುಗ್ಗುತ್ತೆ. ಸುತ್ತ ಒಡ್ಡು ಕಟ್ಟಿ, ಒಡ್ಡಿಗೆ ಮರದ ಹಲಗೆ ಬಾಗಿಲು ಇಟ್ಟು, ಮಳೆಗಾಲದಲ್ಲಿ ಕಗ್ಗ ಅಂತ ಉಪ್ಪು ತಡ್ಕೊಳ್ಳೋ ಭತ್ತ ಬೆಳೀತೀವಿ, ಕೊಯ್ಲಾದ್ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ರೆ ಸಿಗಡಿ, ಮೀನು. ಒಡ್ಡು ಒಡೆದ್ರೆ ಆ ವರ್ಷ ಊರಿಗೆ ಊರೇ ರಾತ್ರೋರಾತ್ರಿ ಮಣ್ಣು ಹೊರ್ಬೇಕು. ಅಪ್ಪ ಐವತ್ತು ವರ್ಷ ಅದನ್ನ ನೋಡ್ದೋರು.

ಜ಼ೌಡರ್‌ವೌಡ ದಾಟೋವರೆಗೂ ಒಂದೂ ಮಾತಿಲ್ಲ. ನಾನು ಇಂಜಿನಿಯರ್ ಸರ್ ಬರೆದಿದ್ದೆಲ್ಲ ಹೇಳ್ತಾ ಇದೀನಿ, ಹೂಂ ಅಂತಾನೂ ಇಲ್ಲ. ಒಂದು ಕಡೆ ಟ್ರ್ಯಾಕ್ಟರ್ ಹೋಯ್ತು, ಅಪ್ಪ ತಟ್ಟಂತ ನಿಂತ್ರು. "ಕಾಲಿಗೆ ಗೊತ್ತಾಯ್ತಾ?" ಅಂದ್ರು. ಗೊತ್ತಾಗಿರ್ಲಿಲ್ಲ. ಅಲ್ಲೇ ಕಾದ್ವಿ, ಇನ್ನೊಂದು ಗಾಡಿ ಬಂತು, ಆಗ ಗೊತ್ತಾಯ್ತು, ನೆಲ ನಡುಗ್ತಿತ್ತು, ಹಳೇ ಮರದ ಅಟ್ಟದ ಮೇಲೆ ಯಾರೋ ನಡೆದಂಗೆ. ಅಪ್ಪ ಕಾಲುವೆ ಅಂಚಲ್ಲಿ ಕೂತು (ಕೋಲಲ್ಲಿ ಚುಚ್ಚಿ ನೋಡೇ, ಬಿಸಿಬೇಳೆ ಅಕ್ಕಾ) ಒಂದು ಹಿಡಿ ಮಣ್ಣು ತೆಗೆದು ಹಿಂಡಿದ್ರು. ಕಂದು ನೀರು ಸುರೀತು, ಕೈಯಲ್ಲಿ ನಾರು ಉಳೀತು. ಮೂಸಿ ನೋಡಿ "ಇದು ಮಣ್ಣಲ್ವೋ, ಗೊಬ್ಬರ ಗುಂಡಿ" ಅಂದ್ರು.

ಔಟ್‌ಡಾಮ್‌ನಲ್ಲಿ ಮೆಟ್ಲು ಹತ್ತಿ ಒಡ್ಡಿನ ಮೇಲೆ ನಿಂತಾಗ ಅಪ್ಪ ಆ ಕಡೆ ನೀರು ನೋಡಿದ್ರು, ಈ ಕಡೆ ಹಸು ನೋಡಿದ್ರು. ಮತ್ತೆ ನೀರು, ಮತ್ತೆ ಹಸು. "ಬೆರಳದ್ದಿ ನೋಡ್ತೆ" ಅಂತ ಕಲ್ಲಿನ ಮೇಲೆ ಇಳಿದು ನೀರು ನಾಲಿಗೆಗೆ ಹಚ್ಕೊಂಡ್ರು. ಸಿಹಿ. ಅಲ್ಲಿ ನಿಂತೇ 1916ರ ಕಥೆ ಹೇಳ್ದೆ. ಜನವರಿ 13ರ ರಾತ್ರಿ ಬಿರುಗಾಳಿಗೆ ಇದೇ ಕಡೆ ಒಡ್ಡು ಒಡೆದು ವಾಟರ್‌ಲ್ಯಾಂಡ್ ಪೂರ್ತಿ ಮುಳುಗಿದ್ದು, ಎದುರಿಗೆ ಕಾಣೋ ಮಾರ್ಕನ್ ಆಗ ದ್ವೀಪ, ಅಲ್ಲೇ 16 ಜನ ಸತ್ತಿದ್ದು, ಆಮೇಲೆ 1918ರಲ್ಲಿ ಕಾನೂನು ಮಾಡಿ 1932ರಲ್ಲಿ 32 ಕಿ.ಮೀ. ಕಟ್ಟೆ ಹಾಕಿ ಸಮುದ್ರನೇ ಮುಚ್ಚಿಬಿಟ್ಟಿದ್ದು, ಅದಕ್ಕೇ ಈಗ ಇದು ಕೆರೆ, ಅದಕ್ಕೇ ಸಿಹಿನೀರು. ಅಪ್ಪ ಕೇಳಿದ್ದು ಒಂದೇ. "ಒಡೆದಾಗ ರಾತ್ರಿ ಎಷ್ಟು ಹೊತ್ತಿಗೆ?" ನಂಗೆ ಗೊತ್ತಿಲ್ಲ ಅಂದೆ. "ಕತ್ಲೆಲಿ ಒಡೆದ್ರೆ ಶಬ್ದ ಮೊದ್ಲು ಬರ್ತದೆ, ನೀರು ಆಮೇಲೆ" ಅಂದ್ರು.

ಮುಂದೆ ಒಡ್ಡು ಒಂದು ಕಡೆ ಸುಮ್ನೆ ಬಾಗುತ್ತೆ, ಒಳಗಡೆ ಕಿನ್ಸೆಲ್‌ಮೇರ್ ಅಂತ ಕೆರೆ. ನಾನು ಬಾಯಿ ತೆಗೆಯೋಕೆ ಮುಂಚೆ ಅಪ್ಪನೇ "ಇಲ್ಲಿ ಒಡೆದದ್ದು" ಅಂತ ತೋರ್ಸಿದ್ರು. ಮನೆಗೆ ಬಂದು ನೋಡಿದ್ರೆ ಹೌದು, ಆ ಕೆರೆ ಹಳೇ ಕಾಲದಲ್ಲಿ ಒಡ್ಡು ಒಡೆದು ನೀರು ಕೊರೆದಿದ್ದೇ. ಒಡೆದ ಗುಂಡಿ ಮುಚ್ಚೋಕೆ ಆಗಲ್ಲ, ಒಡ್ಡನ್ನೇ ಸುತ್ತಿಸಿ ಕಟ್ತಾರೆ, ನಮ್ಮಲ್ಲೂ ಹಂಗೇ ಅಂತೆ. ಇಷ್ಟು ವರ್ಷ ಊರಲ್ಲಿ ಆ ಬಾಗಿನ ಮೇಲೆ ಓಡಾಡಿದೀನಿ, ಯಾಕೆ ಅಂತ ಕೇಳಿರ್ಲಿಲ್ಲ.

ದೂರದಲ್ಲಿ ರಾನ್ಸ್‌ಡಾರ್ಪ್ ಗೋಪುರ ಎಲ್ಲಾ ಕಡೆಯಿಂದ್ಲೂ ಕಾಣುತ್ತೆ, ತುದಿ ಇಲ್ದೇ ಮೊಟಕಾಗಿ ಚೌಕ ನಿಂತಿದೆ, 16ನೇ ಶತಮಾನದ್ದು. ಶಿಖರ ಏರಿಸ್ಲೇ ಇಲ್ವಂತೆ. ದುಡ್ಡು ಖಾಲಿ ಆಗಿರ್ಬೇಕು ಅಂದೆ, ಅಪ್ಪ ಪುನಃ ಕಾಲಲ್ಲಿ ನೆಲ ಒತ್ತಿ ನೋಡಿ ನಕ್ರು.

ಗ್ರುಟ್ಟೊ ಬೈಯ್ತು ಟಿಟ್ಟಿಭ ಸರ್, ಚೆನ್ನಾಗೇ ಬೈಯ್ತು.

ಒಡ್ಡು_ಇಂಜಿನಿಯರ್ ಸರ್, ಅಪ್ಪ ಕೇಳಿದ ಪ್ರಶ್ನೆ ಒಂದು ಬಾಕಿ ಇದೆ. "ನಮ್ಮಲ್ಲಿ ಇಳಿತ ಬಂದಾಗ ಬಾಗಿಲು ತೆಗೆದ್ರೆ ನೀರು ತಾನೇ ಹೋಗ್ತದೆ, ಕರೆಂಟ್ ಎಂತಕ್ಕೆ? ಇವ್ರು ಬಾಗಿಲು ಇಡ್ಲೇ ಇಲ್ವಾ?" ಅಂತ.

---

ಒಡ್ಡು_ಇಂಜಿನಿಯರ್ · ಮೇ 20, ಬೆಳಿಗ್ಗೆ 7:50

ನಿಮ್ಮಪ್ಪಂಗೆ ನನ್ನ ನಮಸ್ಕಾರ ಹೇಳಿ. ಪರೀಕ್ಷೇಲಿ ಕೇಳೋ ಪ್ರಶ್ನೆ ಇದು.

ಇಟ್ಟಿದ್ರು. ಮೊದಲು ಇಲ್ಲೂ ಅದೇ ಇತ್ತು, ಒಡ್ಡಿಗೆ ಮರದ ಬಾಗಿಲು, ಇಳಿತದಲ್ಲಿ ತೆರೀತು, ಉಬ್ಬರದಲ್ಲಿ ಮುಚ್ತು. ಆದ್ರೆ ನೆಲ ಇಳೀತಾ ಇಳೀತಾ ಒಂದು ದಿನ ಇಳಿತದ ನೀರಿಗಿಂತಲೂ ಕೆಳಗೆ ಹೋಯ್ತು. ಆಮೇಲೆ ಬಾಗಿಲು ತೆಗೆದ್ರೆ ಒಳಗೇ ಬರುತ್ತೆ. ಆಗ ಬಂದಿದ್ದು ಗಾಳಿಗಿರಣಿ, ಈ ದೇಶದಲ್ಲಿ 15ನೇ ಶತಮಾನದಿಂದ. ಚಂದಕ್ಕೆ ನಿಲ್ಸಿದ್ದಲ್ಲ, ಬಾಗಿಲು ಕೆಲಸಕ್ಕೆ ಬಾರ್ದೇ ಹೋಯ್ತು ಅಂತ ನಿಲ್ಸಿದ್ದು. ಆಮೇಲೆ ಉಗಿ, ಡೀಸೆಲ್, ಈಗ ಕರೆಂಟು. ಗಿರಣಿ ಜೋರಾಗಿ ನೀರು ಎತ್ತಿದಷ್ಟೂ ನೆಲ ಇನ್ನೂ ಇಳೀತು.

ನಿಮ್ಮ ಗಜನೀಲಿ ವರ್ಷಾ ವರ್ಷಾ ನೀರು ಒಳಗೆ ಬಿಡ್ತೀರಲ್ಲ, ಮಣ್ಣಿಗೆ ಒಣಗೋಕೆ ಪುರುಸೊತ್ತಿಲ್ಲ. ಈಗ ಇಲ್ಲಿ ನಾವು ಕೋಟಿಗಟ್ಲೆ ಸುರಿದು ಟ್ರಯಲ್ ಮಾಡ್ತಿರೋದು ಅದನ್ನೇ, ಮಣ್ಣು ಒದ್ದೆ ಇಡೋದು ಹೆಂಗೆ ಅಂತ.

ಕಾಲುವೆ ಸೇತುವೆ ಹತ್ರ ನೀಲಿ-ಬಿಳಿ ಗೆರೆ ಹಾಕಿರೋ ಅಳತೆ ಪಟ್ಟಿ ಇರುತ್ತೆ, ಅಪ್ಪ ನೋಡಿದ್ರಾ?

---

ಗಜನಿ_ಹುಡ್ಗ · ಮೇ 20, ಬೆಳಿಗ್ಗೆ 8:31

ನೋಡಿದ್ರಾ ಅಂತ ಕೇಳ್ತೀರಾ! ಬ್ರೂಕ್ ಸೇತುವೆ ಕೆಳಗೆ ಬಗ್ಗಿ ಹತ್ತು ನಿಮಿಷ ನಿಂತಿದ್ರು. ಮೈನಸ್ ಒಂದೂವರೆ ಮೀಟರ್ ಆಸುಪಾಸು ತೋರಿಸ್ತಿತ್ತು. ಮೈನಸ್ ಅಂದ್ರೆ ಸಮುದ್ರಕ್ಕಿಂತ ಅಷ್ಟು ಕೆಳಗೆ ಅಂತ ಹೇಳ್ದೆ. ಫೋಟೋ ತೆಗಿ ಅಂದ್ರು. ಇಡೀ ಟ್ರಿಪ್ಪಲ್ಲಿ ಅವ್ರಾಗೇ ಕೇಳಿ ತೆಗ್ಸಿದ ಫೋಟೋ ಅದೊಂದೇ. ಪಕ್ಕದಲ್ಲಿ ಅವ್ರೂ ನಿಂತಿಲ್ಲ, ಬರೀ ಪಟ್ಟಿ.

---

ಧಾರವಾಡ_ಟು_ಐಂಡ್‌ಹೋವನ್ · ಮೇ 20, ಬೆಳಿಗ್ಗೆ 9:05

ಕಾಕಾರಿಗೆ ಐಂಡ್‌ಹೋವನ್‌ಕ್ಕ ಕರ್ಕೊಂಡು ಬರ್ರಿ, ಇಲ್ಲಿ ನೆಲ ಗಟ್ಟಿ ಐತಿ, ಮಾತಾಡ್ಕೋತ ಕೂಡೂಣು.

---

ಗಜನಿ_ಹುಡ್ಗ · ಜೂನ್ 24, ರಾತ್ರಿ 9:36

ಈ ಥ್ರೆಡ್ ಮತ್ತೆ ಎಬ್ಬಿಸ್ತಿದೀನಿ. ಅಪ್ಪ ಅಮ್ಮ ಊರಿಗೆ ಹೋಗಿ ಮೂರು ವಾರ ಆಯ್ತು, ಅಲ್ಲಿ ಮಳೆ ಹಿಡ್ಕೊಂಡಿದೆ. ಇವತ್ತು ಫೋನ್ ಮಾಡಿದ್ದೆ, ಒಡ್ಡಿನ ಕೆಲಸಕ್ಕೆ ಜನ ಸಿಗ್ತಿಲ್ಲ ಅಂತ ಹೇಳ್ತಾ ಹೇಳ್ತಾ ನಡುವೆ "ಆ ಪಟ್ಟಿ ಇವತ್ತು ಎಷ್ಟು ತೋರಿಸ್ತದೆ?" ಅಂದ್ರು. ಯಾವ ಪಟ್ಟಿ ಅಂದೆ. ಸುಮ್ಮನಾದ್ರು. ಆಮೇಲೆ ಹೊಳೀತು. ಅದು ಹೆಚ್ಚು ಕಮ್ಮಿ ಅಷ್ಟೇ ಇರುತ್ತೆ ಅಪ್ಪ, ಪಂಪ್ ನಡೆಸಿ ಅಷ್ಟಕ್ಕೇ ನಿಲ್ಲಿಸಿರ್ತಾರೆ ಅಂದೆ. "ನೋಡಿ ಹೇಳ್ತಿದ್ಯೋ, ಅಂದಾಜಲ್ಲೋ?" ಅಂತ ಕೇಳಿದ್ರು.

ಶನಿವಾರ ಹೋಗ್ತಿದೀನಿ. ಹೊಲದ ದಾರೀನೂ ಈಗ ತೆರೆದಿರುತ್ತಲ್ಲ? ಯಾರಾದ್ರೂ ಬರ್ತೀರಾ?

---

ಟಿಟ್ಟಿಭ · ಜೂನ್ 24, ರಾತ್ರಿ 9:50

15ಕ್ಕೇ ತೆರೆದಿದೆ, ಆದ್ರೂ ಗೇಟಲ್ಲಿ ಬೋರ್ಡ್ ನೋಡ್ಕೊಂಡೇ ಒಳಗೆ ಹೋಗೋಣ. ಗ್ರುಟ್ಟೊಗಳು ಹೊರಡೋ ತಯಾರೀಲಿವೆ, ಗುಂಪು ಸೇರ್ತಿವೆ. ನಾನ್ ಬರ್ತೀನಿ.

---

ಬಿಸಿಬೇಳೆ_ಇನ್_ನೂರ್ಡ್ · ಜೂನ್ 24, ರಾತ್ರಿ 10:02

ಶನಿವಾರ ಮಳೆ ತೋರಿಸ್ತಿದೆ. ಹತ್ತೂವರೆಗೆ ಬ್ರೂಕ್ ಬಸ್ ಸ್ಟಾಪಲ್ಲಿ ಇರ್ತೀನಿ, ಪುಳಿಯೋಗರೆ ನಂದು. ಹೋಲಿಸ್ಲೋಟ್ ಕಡೆ ಹೋಗೋದಾದ್ರೆ ನನ್ನ ಶೂ ಕೂಡ ಹುಡುಕಣ.